ಅಧ್ಯಕ್ಷರ ಮುಖದ ಸುಕ್ಕು

ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಾಕಮ್ಮ ಅಂತ ಒಬ್ಬಳು ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಪುರಸಭೆಯ ಮಾಜಿ ಅಧ್ಯಕ್ಷ ರುದ್ರಮುನಿಯಪ್ಪನವರು ಬಂದು ಗಾಜಿನ ಕಪಾಟಿನ ಮೇಲೆ ಕೈ ಬಡಿದರು.

"ಮುಖದ ಸುಕ್ಕಿಗೆ ನಿಜವಾಗಿ ಕೆಲಸ ಮಾಡೋ ಕ್ರೀಮು ಕೊಡು. ಬರೀ ಬೊಗಳೆಯಾದರೆ ನಿನ್ನನ್ನು ಕೆಲಸದಿಂದ ತೆಗೆಸಿಬಿಡ್ತೀನಿ!"

ಕಪಾಟಿನಲ್ಲಿ ಹನ್ನೊಂದು ಥರದ ಡಬ್ಬಿಗಳಿದ್ದವು. ಯಾವುದನ್ನು ಕೊಟ್ಟರೂ ತನ್ನ ಕೆಲಸ ಹೋಗುವುದು ಖಾತ್ರಿ ಅನ್ನಿಸಿತು ಸಾಕಮ್ಮನಿಗೆ. ಅಷ್ಟರಲ್ಲಿ ರುದ್ರಮುನಿಯಪ್ಪನವರ ಅಂಗಿಯ ಗುಂಡಿಯೊಂದು ಬಿಚ್ಚಿಕೊಂಡು ಹೊಟ್ಟೆ ಇಣುಕುತ್ತಿದ್ದದ್ದು ಕಣ್ಣಿಗೆ ಬಿತ್ತು.

"ಯಜಮಾನ್ರೇ, ಹೊಟ್ಟೆಗೆ ಯಾವ ಕ್ರೀಮು ಹಚ್ತೀರಿ?"

"ಹೊಟ್ಟೆಗೆ ಯಾರಾದ್ರೂ ಕ್ರೀಮು ಹಚ್ತಾರೇನೇ?"

"ಮುಖಕ್ಕೆ ಎಷ್ಟು ವಯಸ್ಸೋ ಅದಕ್ಕೂ ಅಷ್ಟೇ ವಯಸ್ಸು. ಆದ್ರೂ ಒಂದು ಸುಕ್ಕಿಲ್ಲ, ಬೆಣ್ಣೆ ಹಂಗಿದೆ! ಅದು ಬಿಸಿಲು ಕಂಡಿಲ್ಲ, ಅಷ್ಟೇ. ಮುಖಕ್ಕೆ ಈ ಸನ್‌ಸ್ಕ್ರೀನ್ ಹಚ್ಚಿ. ಇರೋ ಸುಕ್ಕು ಹೋಗುತ್ತೆ ಅಂತ ಸುಳ್ಳು ಹೇಳಲ್ಲ, ಆದ್ರೆ ಹೊಸದು ಬೇಗ ಬರಲ್ಲ."

ರುದ್ರಮುನಿಯಪ್ಪನವರು ಬಗ್ಗಿ ಹೊಟ್ಟೆ ನೋಡಿಕೊಂಡರು. ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮತ್ತೆ ಹೊಟ್ಟೆ ನೋಡಿಕೊಂಡು ಗಹಗಹಿಸಿ ನಕ್ಕರು. ಆ ನಗುವಿಗೆ ಇನ್ನೊಂದು ಗುಂಡಿಯೂ ಹಾರಿಹೋಯಿತು. ಎರಡು ಟ್ಯೂಬು ಕೊಂಡು, ಬೀದಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೊಟ್ಟೆ ತೋರಿಸುತ್ತಾ ಹೋದರು.

ಮಾರನೆಯ ದಿನ ಸಾಕಮ್ಮ ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಊರಿನ ಏಳು ಜನ ಹಿರಿಯರು ಅಂಗಿ ಎತ್ತಿ ಹಿಡಿದು ಸಾಲಾಗಿ ನಿಂತಿದ್ದರು.