ಸುಂಕ ಯಾರ ಹೊಟ್ಟೆಯದು?

ಆಮೆ ಆಚೆ ದಡದಿಂದ ಕಡಲೆಕಾಯಿ ಹೊತ್ತು ತಂದು, ಒಂದು ಅತ್ತಿಹಣ್ಣಿಗೆ ಹತ್ತರಂತೆ ಕೊಡುತ್ತಿತ್ತು. ಈಚೆ ದಡದ ಯಜಮಾನ ಮುಸುವ ಒಂದು ದಿನ ಹತ್ತಕ್ಕೆ ಎರಡು ಸುಂಕ ಹಾಕಿತು. ಆಮೆ ಮರುಮಾತಾಡದೆ ಎರಡು ಕೊಟ್ಟು, ಅದೇ ಹಣ್ಣಿಗೆ ಅಳಿಲಮ್ಮನಿಗೆ ಎಂಟೇ ಎಣಿಸಿತು.

“ನೋಡಿದಿರಾ, ಹೊರಗಿನವನ ಸೊಕ್ಕು ಹೇಗೆ ಮುರಿದೆ!” ಎಂದಿತು ಮುಸುವ. ಮೊಲ, ಮುಂಗುಸಿಗಳೆಲ್ಲ ಭೇಷ್ ಎಂದವು.

ಅಳಿಲಮ್ಮ ಮಾತ್ರ ಮರಿಯನ್ನೆತ್ತಿಕೊಂಡು ಮುಂದೆ ಬಂತು. “ಯಜಮಾನರೇ, ಆಮೆಯಣ್ಣನ ಬೆನ್ನು ಮುಟ್ಟಿ ನೋಡಿ, ಎಲ್ಲಾದರೂ ಸವೆದಿದೆಯೇ? ಈಗ ನನ್ನ ಮಗುವಿನ ಹೊಟ್ಟೆ ಮುಟ್ಟಿ ನೋಡಿ.”

ಮುಸುವ ಮುಟ್ಟಿತು. ಮರಿ ಮುಸುವದ ಮುಷ್ಟಿಯಲ್ಲಿದ್ದ ಸುಂಕದ ಕಡಲೆಕಾಯಿಗೆ ಕೈ ಚಾಚಿತು. ಮುಷ್ಟಿ ಸಡಿಲವಾಯಿತು, ಸುಂಕವೂ ಅಂದಿಗೇ ನಿಂತಿತು.

ಆಮೆ ಕತ್ತನ್ನು ಪೂರ್ತಿ ಹೊರಚಾಚಿ ಅಳಿಲಮ್ಮನನ್ನು ನೋಡಿತು. ಗೊತ್ತಿದ್ದರೂ ಆ ಮಾತಾಡುವ ಧೈರ್ಯ ನೂರು ವರ್ಷದ ತನಗೆ ಬಂದಿರಲಿಲ್ಲ.