ಹೊರಬೀಡಿನ ದಿನ ಒಳಗುಳಿದವನು

“ಬುದ್ಧಿ, ಹಾಳುಬಿದ್ದ ಸ್ಥಿತಿಗೆ ಇಂಗ್ಲಿಷಿನಲ್ಲಿ ಡೆಸೊಲೇಷನ್ ಎನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನದು. ನಿಘಂಟು ಹೇಳುವ ಮೂಲ ಅರ್ಥ, ಪೂರಾ ಒಂಟಿಯಾಗಿಸುವುದು. ಅದರಲ್ಲಿ ಬಿದ್ದ ಗೋಡೆಯಿಲ್ಲ, ಬೆಂಕಿಯಿಲ್ಲ. ಒಂಟಿಯಾಗುವುದಕ್ಕೂ ಹಾಳಾಗುವುದಕ್ಕೂ ಏನು ಸಂಬಂಧ?”

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ರೇವಯ್ಯ. ಅವನ ತಮ್ಮ ತೀರಿಕೊಂಡು ಹದಿನೈದು ದಿನವಾಗಿತ್ತು. ಅಂದಿನಿಂದ ಅವನಿಗೆ ನಿಘಂಟೊಂದೇ ಜೊತೆ. ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹೆಂಡತಿ ಸತ್ತ ಮೇಲೆ ಊರವರು ದಿನವೂ ಬಂದು ಮಾತಾಡಿಸುತ್ತಿದ್ದರು. ಆ ಮಾತು ಅವನಿಗೆ ಬೇಡವಾಗಿತ್ತು. ಒಂದು ಮಂಗಳವಾರ ಊರಿನಲ್ಲಿ ಹೊರಬೀಡು. ರೋಗರುಜಿನ ತೊಲಗಲೆಂದು ಆ ದಿನ ದನ, ಕೋಳಿ ಸಮೇತ ಎಲ್ಲರೂ ಊರು ಬಿಡಬೇಕು. ಊರಬಾಗಿಲಿಗೆ ಮುಳ್ಳು ಹಾಕಬೇಕು. ಹೊತ್ತು ಮುಳುಗುವವರೆಗೆ ಒಬ್ಬರೂ ಒಳಗಿರಬಾರದು. ಇದ್ದರೆ ಊರಿಗೆ ಕೇಡು.

ಪಕ್ಕದ ಮನೆಯ ಮುದುಕಿ ಅವನ ಅಂಗಳಕ್ಕೆ ಬಂದು ಕೂಗಿದಳು. “ಏಳೋ ಮಾರಾಯ, ಮಗ್ಗ ಏನು ಓಡಿಹೋಗುತ್ತಾ? ನಿನಗೂ ಸೇರಿಸಿ ರೊಟ್ಟಿ ಕಟ್ಟಿದೀನಿ.”

ಅವನು ಉಸಿರು ಬಿಗಿಹಿಡಿದು ಕುಳಿತ. ಮುಂದೆ ಹೋಗಿರಬೇಕು ಎಂದುಕೊಂಡು ಮುದುಕಿ ಹೊರಟಳು.

ಮೊದಲು ಹಾಯೆನಿಸಿತು. ಒಂದು ಗೇಣು ನೇಯ್ದ. ಲಾಳಿಯ ಸದ್ದು ಆಚೆಗೆ ಕೇಳಿಸೀತೆಂದು ಹೆದರಿ ನಿಲ್ಲಿಸಿದ. ಹೊತ್ತೇರಿತು. ಒನಕೆಯ ಸದ್ದಿಲ್ಲ, ಕೆಮ್ಮಿಲ್ಲ. ಬೀದಿಗೆ ಬಂದ. ಒಂದು ಹೆಂಚೂ ಕದಲಿರಲಿಲ್ಲ. ಆದರೂ ಊರಿನ ಗುರುತು ಸಿಗಲಿಲ್ಲ. ಹೋದವರು ಬರುವುದೇ ಇಲ್ಲವೇನೋ ಎನಿಸಿತು. ಮುದುಕಿಯ ಹೆಸರು ಹಿಡಿದು ಕೂಗಿದ. ತನ್ನ ದನಿಗೆ ತಾನೇ ಬೆಚ್ಚಿದ. ಕೊನೆಗೆ, ಸಿಕ್ಕಿಬಿದ್ದರೂ ಸರಿಯೆಂದು ಊರಬಾಗಿಲಿಗೆ ಓಡಿ ಬರಿಗೈಯಲ್ಲಿ ಮುಳ್ಳು ಎಳೆಯತೊಡಗಿದ.

ಆಚೆಯಿಂದ ಮುದುಕಿಯೇ ಕಂಡಳು. “ಅಯ್ಯೋ ನಿನ್ನ, ಒಳಗೇ ಇದ್ದೆಯೇನೋ? ಹೊರಬೀಡು ಕೆಡಿಸಿದೆಯಲ್ಲೋ!” ಬೈಯುತ್ತಲೇ ಅವನ ತೋಳು ಹಿಡಿದು ಈಚೆಗೆಳೆದುಕೊಂಡಳು. ಮುಂದಿನ ಮಂಗಳವಾರ ಊರವರು ಮತ್ತೊಮ್ಮೆ ಹೊರಬೀಡು ಮಾಡಬೇಕಾಯಿತು. ಅಂದು ಎಲ್ಲರಿಗಿಂತ ಮೊದಲು ಊರಬಾಗಿಲು ದಾಟಿದವನು ಆ ನೇಕಾರ.

ಕತೆ ಮುಗಿಯಿತು. ರೇವಯ್ಯನಿಗೆ ಸಮಾಧಾನವಾಗಲಿಲ್ಲ.

“ಊರವರು ಅವನನ್ನು ಬಿಟ್ಟುಹೋಗಲಿಲ್ಲ. ಮುದುಕಿ ಬಂದು ಕರೆದಳು. ಹಾಗಾದರೆ ಅವನನ್ನು ಒಂಟಿಯಾಗಿಸಿದವರು ಯಾರು, ಬುದ್ಧಿ?”

ಗುರುಗಳು ಹೇಳಿದರು: “ಇವತ್ತು ಬೆಳಿಗ್ಗೆ ನಿನ್ನ ಕೋಣೆಯ ಬಾಗಿಲನ್ನು ನಾನು ಮೂರು ಸಲ ತಟ್ಟಿದೆ.”