ನೀಲವ್ವನ ಎಡಗೈ

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಗದಿಗೆಯ್ಯ ಎಂಬ ಶಿಷ್ಯನಿದ್ದ. ಹನ್ನೆರಡು ವರ್ಷದಿಂದ ದಾಸೋಹದ ಅಡುಗೆ ಅವನದೇ. ದಿನಕ್ಕೆ ಎರಡು ಹೊತ್ತು ಹೊಳೆಯ ದಂಡೆಗೆ ಧ್ಯಾನಕ್ಕೆ ಕೂರುತ್ತಿದ್ದ. ಕೂತಾಗ ಮುಖದ ಮೇಲೆ ನೊಣ ಓಡಾಡಿದರೂ ಅಲುಗುತ್ತಿರಲಿಲ್ಲ. ಎದ್ದ ಮೇಲಿನ ಕಥೆಯೇ ಬೇರೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ನೀಲವ್ವ, ಉಪ್ಪು ಹಾಕಿದ್ದ ಸಾರಿಗೆ ತಿಳಿಯದೆ ಇನ್ನೊಮ್ಮೆ ಉಪ್ಪು ಹಾಕಿದಳು. ಗದಿಗೆಯ್ಯ ಕೈಯಲ್ಲಿದ್ದ ಸೌಟನ್ನು ಬೀಸಿ ಒಗೆದ. ಕುದಿಯುವ ಸಾರಿನ ಸಮೇತ ಅದು ಅವಳ ಎಡಗೈಗೆ ಬಡಿಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಟ್ಟು ಬೊಬ್ಬೆ ಎದ್ದಿತು.

ಅರವತ್ತು ದಾಟಿದ ಹೆಂಗಸು. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಉಳಿದ ಹಿಟ್ಟಿನ ರೊಟ್ಟಿ ಬಡಿದು ಮುಗಿಸಿಯೇ ಎದ್ದಳು. ಅವತ್ತು ಪಂಕ್ತಿಯಲ್ಲಿ ಕೂತು ಆ ರೊಟ್ಟಿ ತಿಂದವರಲ್ಲಿ ಒಬ್ಬರೂ ಅವಳ ಕೈಗೆ ಏನಾಯಿತೆಂದು ಕೇಳಲಿಲ್ಲ. ಇದನ್ನು ಹೇಳುವಾಗೆಲ್ಲ ನನಗೆ ಗದಿಗೆಯ್ಯನ ಮೇಲೆ ಬರುವಷ್ಟೇ ಸಿಟ್ಟು ಅವರ ಮೇಲೂ ಬರುತ್ತದೆ. ಆಶ್ರಮಕ್ಕೆ ಶಾಂತಿ ಹುಡುಕಿಕೊಂಡು ಬಂದವರಂತೆ ಅವರು.

ಆಶ್ರಮದ ಗುರು ಗುರುಸಿದ್ಧವ್ವ. ಎಲ್ಲರ ಬಾಯಲ್ಲಿ ಅವ್ವಾರು. ಸುದ್ದಿ ಕೇಳಿ ಅಡುಗೆಮನೆಗೆ ಬಂದು, ನೆಲದ ಮೇಲಿದ್ದ ಸೌಟನ್ನು ಎತ್ತಿಕೊಂಡು ಹೋಗಿ ತಮ್ಮ ಕೋಣೆಯ ಗೂಟಕ್ಕೆ ತೂಗುಹಾಕಿದರು.

ಸಂಜೆ ಗದಿಗೆಯ್ಯ ಆ ಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತ. "ತಪ್ಪಾತ್ರಿ ಅವ್ವಾರ. ಆ ಹೊತ್ತಿನ್ಯಾಗ ಬುದ್ಧಿ ನನ್ನ ಕೈಯಾಗ ಇರಲಿಲ್ಲ."

"ಸೌಟು ಇತ್ತಲ್ಲ," ಎಂದರು ಅವ್ವಾರು.

"ನೀಲವ್ವನ ಕಾಲಿಗೆ ಬಿದ್ದು ಬಂದೀನ್ರಿ. ಇರಲಿ ಬಿಡೋ ಯಪ್ಪಾ, ಅಂದ್ಲು. ನೀವೂ ಏನರ ಪ್ರಾಯಶ್ಚಿತ್ತ ಹೇಳ್ರಿ. ಮೂರು ದಿನ ಉಪಾಸ ಇರ್ತೀನಿ."

"ನೀ ಉಪಾಸ ಇದ್ದರ ಆಕೀ ಕೈ ಮಾಯ್ತೈತೇನು?"

"ಹಂಗಾರ ಒಂದು ಮಂತ್ರ ಕೊಡ್ರಿ."

"ಕೊಟ್ಟು ಹನ್ನೆರಡು ವರ್ಷ ಆತು."

ಅವ್ವಾರು ಒಂದು ಚೀಟಿಯನ್ನು ಅವನ ಮುಂದೆ ಇಟ್ಟರು. "ನೀಲವ್ವನ ಕೈಗೆ ಪಟ್ಟಿ ಕಟ್ಟಿದ ಡಾಕ್ಟರು ನಿನ್ನ ಸಲುವಾಗೂ ಬರದು ಕೊಟ್ಟಾರ. ಧಾರವಾಡದಾಗ ಒಂದು ದವಾಖಾನಿ ಐತಿ. ತಲಿಗೆ ವಾಯರ್ ಹಚ್ಚಿ ಮಿದುಳಿಗೆ ತಾಲೀಮು ಕೊಡ್ತಾರ. ನ್ಯೂರೋಫೀಡ್‌ಬ್ಯಾಕ್ ಅಂತ. ವಾರಕ್ಕ ಎರಡು ಸಲ, ಒಟ್ಟು ಇಪ್ಪತ್ತು ಸಲ ಹೋಗಿ ಬಾ. ಇಲ್ಲಾ ಈ ಬಾಗಿಲಾ ದಾಟಿ ಹೋಗು. ಮತ್ತ ಬರಬ್ಯಾಡ."

ಗದಿಗೆಯ್ಯನ ಮುಖ ಕೆಂಪಗಾಯಿತು. ಧ್ಯಾನದಲ್ಲಿ ಪಳಗಿದವನನ್ನು ವಾಯರಿಗೆ ಕಟ್ಟುತ್ತಾರಂತೆ. ಆದರೆ ಅವನಿಗೆ ಈ ಆಶ್ರಮ ಬಿಟ್ಟರೆ ಬೇರೆ ಮನೆ ಇರಲಿಲ್ಲ. ಮರುದಿನ ಬಸ್ಸು ಹತ್ತಿದ.

ಸಂಜೆಗೆ ಬರಬೇಕಾದವನು ಮಧ್ಯಾಹ್ನವೇ ವಾಪಸು ಬಂದ.

"ಅಲ್ಲೊಂದು ಹುಡುಗಿ ಐತ್ರಿ, ಪ್ರಮೋದಿನಿ ಅಂತ. ನನಗ ಏನಂದ್ಲು ಗೊತ್ತೇನ್ರಿ? ವಿಭೂತಿ ಅಳಸ್ರಿ, ಹಣಿ ಮ್ಯಾಲ ವಾಯರ್ ಅಂಟಸಬೇಕು ಅಂದ್ಲು! ತಲಿಗೆ ಎಣ್ಣಿ ಹಚ್ಕೊಂಡು ಬಂದೀರಿ, ವಾಯರ್ ಅಂಟಸೂ ಪೇಸ್ಟ್ ಹಿಡಿಯಂಗಿಲ್ಲ, ತೊಳಕೊಂಡು ಬರ್ರಿ ಅಂತ ಬಾಚಣಿಕಿ ಬ್ಯಾರೆ ಕೈಯಾಗ ಕೊಟ್ಲು. ಎದ್ದು ಬಂದೆ."

"ಎದ್ದು ಬರೂ ಮುಂದ ಏನರ ಒಗದೇನು?"

ಗದಿಗೆಯ್ಯ ಹೌದೆಂಬಂತೆ ತಲೆ ಅಲ್ಲಾಡಿಸಿದ.

"ಏನು ಒಗದಿ?"

"ಬಾಚಣಿಕಿ ರೀ. ಗ್ವಾಡಿಗೆ."

ಅವ್ವಾರ ಹುಬ್ಬು ಗಂಟಿಕ್ಕಿತು. ಗದಿಗೆಯ್ಯನಿಗೂ ತಡೆಯಲಾಗಲಿಲ್ಲ. "ನಿಮಗೂ ಸಿಟ್ಟು ಬರ್ತೈತಲ್ರಿ! ಈಗ ಬಂದೈತಿ ನೋಡ್ರಿ! ನೀವ್ಯಾಕ ಹೋಗಿ ಆ ಕುರ್ಚಿ ಮ್ಯಾಲ ಕೂಡಬಾರದು?"

"ನಡಿ," ಎಂದರು ಅವ್ವಾರು.

ಮುಂದಿನ ಸಲ ಇಬ್ಬರೂ ಹೋದರು. ಅವ್ವಾರು ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬಂದಿದ್ದರು. ಅವರ ಹಣೆಯ ಮೂರು ಗೆರೆ ನೋಡಿ ಪ್ರಮೋದಿನಿ ಅದನ್ನು ಅಳಿಸಲು ಹೇಳುವುದಕ್ಕೆ ಹಿಂಜರಿದಳು. ಹೋದ ಸಲದ ಬಾಚಣಿಕೆ ಅವಳಿಗೆ ನೆನಪಿತ್ತು. ಅವ್ವಾರೇ ಮೇಜಿನ ಮೇಲಿನ ಹತ್ತಿಯನ್ನು ನೀರಿಗೆ ಅದ್ದಿ ತಮ್ಮ ವಿಭೂತಿ ಒರೆಸಿಕೊಂಡರು.

"ಅವ್ವಾರ!" ಗದಿಗೆಯ್ಯ ಕೂಗಿದ.

"ನಾಳೆ ಮುಂಜಾನೆ ಜಳಕ ಮಾಡಿ ಮತ್ತ ಹಚ್ಕೋತೀನಿ. ನಿಂದು ಅಳಿಸಿದರ ಅದರ ಬುಡಕ ಏನೂ ಉಳಿಯಂಗಿಲ್ಲ ಅಂತ ಅಂಜಾಕತ್ತಿಯೇನು?"

ಪ್ರಮೋದಿನಿ ಅವ್ವಾರ ತಲೆಯ ಮೇಲೆ ಅಲ್ಲಲ್ಲಿ ಪೇಸ್ಟ್ ಇಟ್ಟು ವಾಯರ್ ಅಂಟಿಸಿದಳು. "ಅಂಜಬ್ಯಾಡ್ರಿ. ಈ ವಾಯರ್ ಒಳಗ ಏನೂ ಕಳಸಂಗಿಲ್ಲ, ಕರೆಂಟ್ ಹೊಡಿಯಂಗಿಲ್ಲ. ಮಿದುಳಿನ ಅಲೆ ಅಳೀತಾವ ಅಷ್ಟ. ಎದುರಿಗೆ ಪರದೆ ಮ್ಯಾಲ ಒಂದು ಹೊಳಿ ಹರೀತೈತಿ ನೋಡ್ರಿ. ತಲಿ ಒಳಗ ಬಿಗಿ ಆತಂದ್ರ ಚಿತ್ರ ಮಂಕಾಗ್ತೈತಿ. ಸಡಿಲಾತಂದ್ರ ಬೆಳಗ್ತೈತಿ."

ಅವ್ವಾರು ಪರದೆ ನೋಡಿದರು. ಸ್ವಲ್ಪ ಹೊತ್ತಿಗೇ ಹೊಳೆ ಮಸುಕಾಯಿತು. ಅವರು ಹುಬ್ಬು ಗಂಟಿಕ್ಕಿದಷ್ಟೂ ಇನ್ನಷ್ಟು ಕಪ್ಪಾಯಿತು.

ಗದಿಗೆಯ್ಯನಿಗೆ ಹಿಗ್ಗೋ ಹಿಗ್ಗು. "ನೋಡ್ರಿ! ನಿಮ್ಮದೂ ಮಂಕಾತು!"

"ಹೂಂ, ಆತು. ನಾ ಬಾಚಣಿಕಿ ಒಗದ್ನೇನು?"

ಅವ್ವಾರು ಎದ್ದರು. ಗದಿಗೆಯ್ಯ ಹಣೆ ಒರೆಸಿಕೊಂಡು ಕೂತ. ಪ್ರಮೋದಿನಿ ಮೊದಲು ಒಂದು ಹಾಳೆ ತುಂಬಿಸಿದಳು. ವಾರಕ್ಕೆ ಎಷ್ಟು ಸಲ ಸಿಟ್ಟು ಬರುತ್ತದೆ ಎಂಬ ಪ್ರಶ್ನೆಯ ಮುಂದೆ ಅವನು, ಕಾರಣ ಇದ್ದಾಗ, ಎಂದು ಬರೆದ.

ಆಮೇಲೆ ಬೆನ್ನು ನೆಟ್ಟಗೆ ಮಾಡಿ ಧ್ಯಾನದ ಭಂಗಿಗೆ ಬಂದ. ಪರದೆ ಕತ್ತಲಾಯಿತು.

"ಹಲ್ಲು ಕಚ್ಚಬ್ಯಾಡ್ರಿ. ಗದ್ದ ಬಿಗಿದ್ರೂ ಯಂತ್ರಕ್ಕ ಗೊತ್ತಾಗ್ತೈತಿ," ಎಂದಳು ಪ್ರಮೋದಿನಿ.

"ಮತ್ತ ಏನು ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ನೋಡಕೋತ ಕೂಡ್ರಿ."

"ಏನೂ ಮಾಡದ ಇದ್ದರ ಹೆಂಗ ಬೆಳಗ್ತೈತಿ?"

"ನಿಮ್ಮ ಮಿದುಳು ತಾನ ಕಲೀತೈತ್ರಿ. ಕೆಲವರಿಗೆ ಲಗೂನ ಹತ್ತತೈತಿ, ಕೆಲವರಿಗೆ ತಡ. ಕೆಲವರಿಗೆ ಹತ್ತೂದ ಇಲ್ಲ. ಖಾತ್ರಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಸಿಟ್ಟಿಗಂತ ಇಲ್ಲಿನ ಡಾಕ್ಟರು ಕೊಟ್ಟ ಗುಳಿಗಿ ಬಿಡಬ್ಯಾಡ್ರಿ, ಅವರ ಜೋಡಿ ಕೂತು ಮಾತಾಡೂದೂ ಬಿಡಬ್ಯಾಡ್ರಿ."

ಇಷ್ಟು ನೆಟ್ಟಗೆ ಮಾತಾಡುವವರು ಸಿಗುವುದು ಅಪರೂಪ. ಗದಿಗೆಯ್ಯನಿಗೆ ಮಾತ್ರ ಅದು ಮೈಗಳ್ಳತನದ ಮಾತಾಗಿ ಕೇಳಿಸಿತು.

ನಾಲ್ಕು ಸಲ ಹೋದ. ನಾಲ್ಕು ಸಲವೂ ತಲೆನೋವು ಹೊತ್ತುಕೊಂಡು ಬಂದ. ಒಮ್ಮೆ ಬಸ್ಸಿನಲ್ಲಿ ನಿದ್ದೆಹೋಗಿ ಊರು ದಾಟಿಹೋಗಿ, ಬಿಸಿಲಲ್ಲಿ ನಡೆದುಕೊಂಡು ಬಂದ. ಆಶ್ರಮದಲ್ಲಿ ಅವನಿಗೀಗ ಒಲೆಯ ಹತ್ತಿರ ಜಾಗವಿರಲಿಲ್ಲ. ಸೌದೆ ಒಡೆಯುವುದು, ಪಾತ್ರೆ ತಿಕ್ಕುವುದು. ಐದನೆಯ ಸಲ ಹೊರಡಬೇಕಾದ ಬೆಳಿಗ್ಗೆ ಕೊಡಲಿ ಎಸೆದು ಅವ್ವಾರ ಮುಂದೆ ನಿಂತ.

"ಬಾಗಿಲಾಗ ಹೊಳಿ ಇಟ್ಕೊಂಡು, ಪರದೆ ಮ್ಯಾಲಿನ ಹೊಳಿ ನೋಡಾಕ ಧಾರವಾಡಕ್ಕ ಹೋಗಬೇಕೇನ್ರಿ? ಹನ್ನೆರಡು ವರ್ಷ ಈ ದಂಡಿಗೆ ಕೂತೀನಿ ನಾನು!"

ಅವ್ವಾರೂ ದನಿ ಏರಿಸಿದರು. "ಕೂತಿ! ಕಣ್ಣು ಮುಚ್ಚಿ, ಒಳಗ ಸಿಟ್ಟು ಕುದಿಸಕೋತ ಕೂತಿ. ಈ ಹೊಳಿ ಪಾಪ, ನೀ ಹೆಂಗ ಕೂತರೂ ಹರಕೋತ ಹೋತು. ನೀ ಅದನ್ನ ಶಾಂತಿ ಅಂತ ತಿಳಕೊಂಡಿ. ಆ ಪರದೆ ಮ್ಯಾಲಿನ ಹೊಳಿ ಹಂಗಲ್ಲ. ನೀ ಬಿಗದಿ ಅಂದ್ರ ಅದು ಮಂಕಾಗ್ತೈತಿ. ಬಸ್ಸಿಗೆ ಹೊತ್ತಾತು, ಹೋಗು."

ಹೋದ.

ಒಂಬತ್ತನೆಯ ಸಲ ಅವನಿಗೆ ಜಗಳಾಡುವ ತ್ರಾಣವೇ ಉಳಿದಿರಲಿಲ್ಲ. ಕುರ್ಚಿಗೆ ಒರಗಿ, ಪರದೆಯ ಅಂಚಿನಲ್ಲಿದ್ದ ಒಂದು ಕಲ್ಲನ್ನು ಸುಮ್ಮನೆ ನೋಡುತ್ತಿದ್ದ. ಹೊಳೆ ಬೆಳಗಿತು. ಕಲ್ಲಿನ ಮೇಲಿನ ಪಾಚಿಯೂ ಕಂಡಿತು.

"ಬಂತು!" ಎಂದು ಕೂಗಿದ. ಮಂಕಾಯಿತು.

ಪ್ರಮೋದಿನಿ ನಕ್ಕಳು. ಗದಿಗೆಯ್ಯನಿಗೆ ರೇಗಿತು. ಆದರೆ ಈ ಸಲ ಒಂದು ಸಂಗತಿ ಗೊತ್ತಾಯಿತು. ಸಿಟ್ಟು ಬರುವ ಮುಂಚೆ ಅವನ ಗದ್ದ ಬಿಗಿಯುತ್ತಿತ್ತು. ಅದರ ಹಿಂದೆಯೇ ಬಲಭುಜ ಮೇಲೇರುತ್ತಿತ್ತು. ನಲವತ್ತೈದು ವರ್ಷ ಆ ಭುಜ ಹೊತ್ತು ತಿರುಗಿದವನಿಗೆ ಇದು ಗೊತ್ತೇ ಇರಲಿಲ್ಲ.

ಹನ್ನೆರಡನೆಯ ಸಲ ಅರ್ಧ ತಾಸಿನಲ್ಲಿ ಹೆಚ್ಚಿನ ಹೊತ್ತು ಹೊಳೆ ಬೆಳಗಿಯೇ ಇತ್ತು. ಪ್ರಮೋದಿನಿ ಆ ದಿನದ ಗೆರೆಗಳನ್ನು ಹಾಳೆಯ ಮೇಲೆ ತೆಗೆದು ಕೊಟ್ಟಳು. "ಚಲೋ ಆಗೇತ್ರಿ. ಇನ್ನೂ ಎಂಟು ಸಲ ಐತಿ, ಬಿಡಬ್ಯಾಡ್ರಿ."

ಗದಿಗೆಯ್ಯ ಆ ಹಾಳೆಯನ್ನು ಮಡಚದೆ, ಸುಕ್ಕಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅವ್ವಾರ ಕೋಣೆಗೆ ಬಂದ.

"ನೋಡ್ರಿ ಅವ್ವಾರ. ಯಂತ್ರನ ಹೇಳೇತಿ. ಇನ್ನ ಎಂಟು ಸಲ ಯಾಕ? ನೀಲವ್ವನೂ ಅವತ್ತ ಇರಲಿ ಬಿಡು ಅಂದಾಳ. ನನ್ನ ಸೌಟು ನನಗ ಕೊಡ್ರಿ. ಒಲಿ ಮುಂದ ಕೂಡ್ತೀನಿ."

ಅವ್ವಾರು ಹಾಳೆಯ ಕಡೆ ನೋಡಲಿಲ್ಲ. ಗೂಟದಿಂದ ಸೌಟು ತೆಗೆದು ಅವನ ಬಲಗೈಗೆ ಕೊಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ನೀಲವ್ವಾ, ಒಂದೀಟು ಬಂದು ಹೋಗಬೇ."

ನೀಲವ್ವ ಹಿಟ್ಟಿನ ಕೈಯಲ್ಲೇ ಬಂದಳು. ಎಡಗೈಯ ಗಾಯ ಮಾಯ್ದಿತ್ತು, ಚರ್ಮ ಬೆಳ್ಳಗೆ ಉಳಿದಿತ್ತು. "ಕರದ್ರೇನ್ರಿ ಅವ್ವಾರ?" ಎಂದು ನಗುತ್ತ ಹೊಸ್ತಿಲು ದಾಟಿದಳು.

ಅವನ ಕೈಯಲ್ಲಿದ್ದ ಸೌಟು ಕಂಡಿತು.

ಅವಳ ಮುಖದ ನಗು ಹಾಗೇ ಇತ್ತು. ಎಡಗೈ ಮಾತ್ರ ಸೆರಗಿನ ಒಳಗೆ ಹೋಯಿತು.

"ನಾ ಏನೂ ಮಾಡಿಲ್ಲ," ಎಂದ ಗದಿಗೆಯ್ಯ.

ನೀಲವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಈಗ ನಾ ಏನು ಮಾಡೀನಿ? ಸುಮ್ಮನ ನಿಂತೀನಲ್ಲ!" ಅವನ ದನಿ ಏರಿತು.

ನೀಲವ್ವ ಹೊಸ್ತಿಲಿನ ಆಚೆ ಹೋಗಿ ಬಾಗಿಲಿನ ಚೌಕಟ್ಟಿಗೆ ಆತು ನಿಂತಳು. ಸೆರಗಿನೊಳಗಿನ ಕೈ ಎದೆಗೆ ಒತ್ತಿಕೊಂಡಿತು.

ಗದಿಗೆಯ್ಯನಿಗೆ ತನ್ನ ಗದ್ದ ಬಿಗಿದದ್ದು ತಿಳಿಯಿತು. ಭುಜ ಮೇಲೇರಿದ್ದೂ ತಿಳಿಯಿತು. ಎರಡನ್ನೂ ಇಳಿಯಲು ಬಿಟ್ಟ. ಬಗ್ಗಿ ಸೌಟನ್ನು ನೆಲದ ಮೇಲೆ ಸಪ್ಪಳವಾಗದಂತೆ ಇಟ್ಟ. ಕಣ್ಣಲ್ಲಿ ನೀರು ಬಂದಿತ್ತು.

ನೀಲವ್ವ ಮತ್ತೆ ಹಿಂದೆ ಸರಿಯಲಿಲ್ಲ. ಮುಂದೆಯೂ ಬರಲಿಲ್ಲ.

ಗದಿಗೆಯ್ಯ ಸಣ್ಣ ದನಿಯಲ್ಲಿ ಕೇಳಿದ. "ಅವ್ವಾರ, ಇನ್ನ ಎಷ್ಟು ಸಲ ಹೋಗಬೇಕ್ರಿ?"

ಅವ್ವಾರು ಅವನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, ಸೌಟು ತೂಗುತ್ತಿದ್ದ ಗೂಟಕ್ಕೆ ಚುಚ್ಚಿದರು.

"ಆ ಕೈ ತಾನಾಗಿ ಹೊರಗ ಬರೂತನಕ."